ಮೊಲದಕ್ಕನ ನಡುಗುವ ಕೈ

ನಮ್ಮ ಫ್ಯಾಕ್ಟರಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಮೊಲದಕ್ಕ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಗೊತ್ತು. ಆಸ್ಪತ್ರೆಗಳಿಗೆ ಹೋಗುವ ಸಲೈನ್ ಬಾಟಲಿ ತಯಾರಾಗುವ ಜಾಗ ಅದು. ಆ ನೀರು ಮನುಷ್ಯರ ರಕ್ತಕ್ಕೆ ಇಳಿಯುವ ಮುಂಚೆ ಒಂದಿಷ್ಟನ್ನು ಮೊಲದ ಕಿವಿಯ ನರಕ್ಕೆ ಚುಚ್ಚಿ, ಅದಕ್ಕೆ ಜ್ವರ ಬರುತ್ತದೆಯೇ ಎಂದು ನೋಡಬೇಕು. ಸಿರಿಂಜು ತುಂಬಿಸಿ ಕೊಡುವುದು ನಾನು, ಮೊಲ ಹಿಡಿದು ಚುಚ್ಚುವುದು ಆಕೆ.

ಮೊಲದಷ್ಟು ಪುಕ್ಕಲು ಪ್ರಾಣಿ ಇನ್ನೊಂದಿಲ್ಲ. ಹಿಡಿದ ಕೈ ನಡುಗಿದರೂ ಸಾಕು, ಹೆದರಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಹಾಗಾಗಿ ಆ ಕೋಣೆಗೊಂದು ಕಟ್ಟಳೆ ಇತ್ತು. ಮನೆಯಲ್ಲಿ ಜಗಳವಾಡಿ ಬಂದವರು, ಮನಸ್ಸು ಸರಿಯಿಲ್ಲದವರು ಬಾಗಿಲಲ್ಲೇ ‘ಇವತ್ತು ನನ್ನಿಂದ ಆಗಲ್ಲ’ ಎಂದರೆ ಯಾಕೆ ಅಂತ ಯಾರೂ ಕೇಳುವಂತಿಲ್ಲ. ಪರೀಕ್ಷೆ ಮುಗಿದ ಮೇಲೂ ‘ನನ್ನ ಕೈ ಸರಿ ಇರಲಿಲ್ಲ’ ಎಂದರೆ ಆ ಪರೀಕ್ಷೆ ರದ್ದು. ಬೇರೆ ಬಾಟಲಿ ತಂದು ಮತ್ತೆ ಶುರು ಮಾಡಬೇಕು. ಮದುವೆಯಾದ ಹೊಸದರಲ್ಲಿ ನಾನು ಈ ರಿಯಾಯಿತಿಯನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ. ಮೊಲದಕ್ಕ ಒಮ್ಮೆಯೂ ಬಳಸಿದವಳಲ್ಲ. ಆಕೆಯದು ಬೇರೆಯೇ ಪದ್ಧತಿ. ಪರೀಕ್ಷೆಯ ಮೂರು ಮೊಲಗಳ ಸಾಲಿನ ಕೊನೆಯಲ್ಲಿ ಒಂದು ಮುದಿ ಮೊಲವನ್ನು ಕೂರಿಸಿ, ಒಳ್ಳೆಯದೆಂದು ಮೊದಲೇ ಖಾತ್ರಿಯಾದ ನೀರನ್ನು ಅದಕ್ಕೆ ಚುಚ್ಚುತ್ತಿದ್ದಳು. ಅದನ್ನು ಅಜ್ಜ ಅನ್ನುತ್ತಿದ್ದಳು. ಅಜ್ಜನಿಗೂ ಜ್ವರ ಬಂದರೆ ತಪ್ಪು ನೀರಿನದಲ್ಲ, ತನ್ನ ಕೈಯದು ಎಂಬುದು ಆಕೆಯ ಲೆಕ್ಕ. ಇದನ್ನು ಮಾಡು ಎಂದು ಆಕೆಗೆ ಯಾರೂ ಹೇಳಿರಲಿಲ್ಲ, ಅದರ ಕಡೆ ಯಾರೂ ನೋಡುತ್ತಲೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಬಸ್ಸಿಳಿದು ಗೇಟಿಗೆ ಬರುವಾಗ ಮೊಲದಕ್ಕನ ತಮ್ಮ ಅವಳ ಬೆನ್ನು ಹತ್ತಿ ಬಂದ. ಅಪ್ಪ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಅವಳೇ. ಮ್ಯಾನೇಜರ್ ಕೈಕಾಲು ಹಿಡಿದು ನೀರಿನ ಟ್ಯಾಂಕ್ ನೋಡಿಕೊಳ್ಳುವ ಕೆಲಸ ಕೊಡಿಸಿದವಳೂ ಅವಳೇ. ಫ್ಯಾಕ್ಟರಿಯ ರಜೆ ಮುಗಿಸಿ ಅವನು ಬಂದು ನೋಡಿದರೆ ಟ್ಯಾಂಕಿನ ಒಳಗೋಡೆಗೆ ಲೋಳೆ ಕಟ್ಟಿತ್ತಂತೆ. ಪೆರಾಕ್ಸೈಡ್ ಎಂಬ ಔಷಧಿ ಸುರಿದು ಕ್ರಿಮಿಗಳನ್ನು ಕೊಂದಿದ್ದಾನೆ. ಆಮೇಲೆ ಆ ನೀರನ್ನೆಲ್ಲ ಚೆಲ್ಲಿ ಟ್ಯಾಂಕನ್ನು ತೊಳೆಯಬೇಕಿತ್ತು. ಬಾಟಲಿ ತುಂಬಿಸುವವರು ಅವಸರ ಮಾಡಿದರೆಂದು ಅದೊಂದನ್ನು ಬಿಟ್ಟಿದ್ದ. ಅಂದು ಪರೀಕ್ಷೆಗೆ ಬರಬೇಕಿದ್ದ ಕಂತಿನ ಅರ್ಧ ಬಾಟಲಿಗಳು ರಜೆಗೆ ಮುಂಚೆಯೇ ತುಂಬಿದ್ದವು; ಉಳಿದರ್ಧಕ್ಕೆ ಹೋದದ್ದು ಈ ನೀರು.

“ಒಂದೂ ಬದುಕಿಲ್ಲ ಅಕ್ಕ. ಲ್ಯಾಬ್‌ನವರೇ ನೋಡಿದ್ದಾರೆ, ಏನೂ ಬೆಳೆದಿಲ್ಲ. ಔಷಧಿನೂ ಕೊನೆಗೆ ನೀರೇ ಆಗಿಹೋಗುತ್ತೆ. ಸತ್ತಿರೋದು ಯಾರಿಗೆ ಏನು ಮಾಡುತ್ತೆ?”

“ವಿಷ ಇರೋದು ಅದರ ಮೈಮೇಲೆ ಕಣೋ! ಸತ್ತಾಗ ಮೇಲಿನ ಸಿಪ್ಪೆ ಒಡೆದು ವಿಷ ನೀರಿಗೆ ಬಿಡುತ್ತೆ. ಬಾಟಲಿ ಬೇಯಿಸಿದರೂ ಹೋಗಲ್ಲ. ರೋಗಿ ಮೈಗೆ ಹೋದರೆ ಚಳಿಜ್ವರ ಬಂದು ಪ್ರಾಣಕ್ಕೇ ಕುತ್ತು ಅಂತ ಲ್ಯಾಬಿನ ಮೇಡಂ ಎಷ್ಟು ಸಲ ಹೇಳಿಲ್ಲ?”

ತಮ್ಮನ ಮುಖ ಬಿಳಿಚಿಕೊಂಡಿತು. “ಹಾಗಾದರೆ ಕೈ ನಡುಗ್ತಿತ್ತು ಅಂದ್ಬಿಡು. ಬೇರೆ ಬಾಟಲಿ ತರೋಕೆ ನನ್ನನ್ನೇ ಕಳಿಸ್ತಾರೆ. ರಜೆಗೆ ಮುಂಚಿನದ್ದರಲ್ಲಿ ತಂದುಕೊಡ್ತೀನಿ, ಇಡೀ ಕಂತು ಪಾಸಾಗುತ್ತೆ. ಕೆಲಸ ಹೋದರೆ ಅಮ್ಮನಿಗೆ ಏನಂತ ಹೇಳ್ಲಿ?”

ಅವಳು ಅವನನ್ನು ಅಲ್ಲೇ ಬಿಟ್ಟು ಗೇಟಿನೊಳಗೆ ನಡೆದಳು. ಇದನ್ನೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು.

ಕೋಣೆಗೆ ಬಂದಾಗ ಅವಳ ತುಟಿ ಒಣಗಿತ್ತು. “ಇವತ್ತು ಆಗಲ್ಲ ಅಂತ ಹೇಳ್ಬಿಡಕ್ಕ,” ಅಂದೆ. “ಇಲ್ಲ, ನಾನೇ ನೋಡ್ಬೇಕು,” ಎಂದವಳು ಕೈ ಒರೆಸಿಕೊಂಡು ಮೊದಲ ಮೊಲವನ್ನು ಎತ್ತಿದಳು. ಅಷ್ಟು ವರ್ಷಗಳಲ್ಲಿ ಅವಳ ಸೂಜಿ ನರ ತಪ್ಪಿದ್ದನ್ನು ನಾನು ಕಂಡಿರಲಿಲ್ಲ, ಅಂದು ತಪ್ಪಿತು. ಅಜ್ಜನಿಗೆ ಚುಚ್ಚುವಾಗಲೂ ತಪ್ಪಿತು; ಎರಡು ಸಲವೂ ಮತ್ತೆ ಚುಚ್ಚಬೇಕಾಯಿತು.

ಆಮೇಲೆ ಕಾಯುವುದೇ ಕೆಲಸ. ಮೊದಲನೆಯ ಮೊಲದ ಮೈ ಬಿಸಿಯಾಯಿತು. ಎರಡನೆಯದು ಮುದುರಿ ಕುಳಿತು ಏದುಸಿರು ಬಿಡತೊಡಗಿತು. ಮೂರನೆಯದಕ್ಕೂ ಜ್ವರ ಏರಿತು. ಮೊಲದಕ್ಕ ಅವುಗಳನ್ನೆಲ್ಲ ಬಿಟ್ಟು ಅಜ್ಜನ ಮುಂದೆ ಹೋಗಿ ನಿಂತಳು. ಮತ್ತೆ ಮತ್ತೆ ಥರ್ಮಾಮೀಟರ್ ನೋಡಿದಳು. “ನಿಂಗೂ ಬರ್ಲಿ ಕಣೋ ಅಜ್ಜ, ಒಂದು ಚೂರು ಬರ್ಲಿ,” ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಸಾಕಿದ ಪ್ರಾಣಿಗೆ ಜ್ವರ ಬರಲಿ ಎಂದು ಬೇಡಿಕೊಳ್ಳುವ ಹೆಂಗಸಲ್ಲ ಅವಳು. ಅಜ್ಜ ಮಾತ್ರ ಇದ್ಯಾವುದೂ ತನಗೆ ಸಂಬಂಧವಿಲ್ಲ ಎಂಬಂತೆ ಬಾಯಾಡಿಸುತ್ತಾ ಕುಳಿತಿದ್ದ. ಅವನ ಮೈ ತಣ್ಣಗೇ ಇತ್ತು.

ಲ್ಯಾಬಿನ ಮೇಡಂ ಬಂದು ಮೂರೂ ಮೊಲಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಮೂರಕ್ಕೂ ಏರಿದೆ. ನಿಮ್ಮ ಕೈ ಸರಿ ಇತ್ತಾ ಇವತ್ತು?”

“ಇರಲಿಲ್ಲ ಮೇಡಂ. ಬೆಳಿಗ್ಗೆಯಿಂದ ನಡುಗ್ತಾನೇ ಇದೆ.”

“ಸರಿ ಬಿಡಿ. ರದ್ದು ಮಾಡೋಣ,” ಎಂದು ಮೇಡಂ ಹೊರಟೇಬಿಟ್ಟರು. ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು, ಆಡಿದ್ದೂ ಸುಳ್ಳಲ್ಲ. ನಾನಾಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ, ಒಡಹುಟ್ಟಿದವನೆಂದರೆ ಸುಮ್ಮನೆಯೇ?

“ಮೇಡಂ, ಅಜ್ಜನನ್ನೂ ಇದೇ ಕೈಲಿ ಹಿಡಿದೆ,” ಎಂದಳು ಮೊಲದಕ್ಕ. “ಅವನಿಗೆ ಒಳ್ಳೆ ನೀರು ಕೊಟ್ಟಿದ್ದೆ. ಏನೂ ಆಗಿಲ್ಲ. ಈ ಜ್ವರ ನೀರಿನದು.”

ಮೇಡಂ ತಿರುಗಿ ನಿಂತರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಯಾರೂ ಹೇಳಿ ಕಳಿಸುವ ಮುಂಚೆಯೇ ತಮ್ಮ ಟ್ರೇ ತುಂಬ ಬಾಟಲಿ ಹಿಡಿದು ಒಳಗೆ ಬಂದಿದ್ದ. “ರದ್ದಾಯ್ತಲ್ಲ ಮೇಡಂ, ಬೇರೆ ತಂದಿದ್ದೀನಿ.”

“ರದ್ದಾಯ್ತು ಅಂತ ನಿನಗೆ ಯಾರು ಹೇಳಿದ್ರು?”

ಅವನು ಅಕ್ಕನ ಮುಖ ನೋಡಿದ. ಅವಳು ಹೋಗಿ ಅವನ ಕೈಯಿಂದ ಟ್ರೇ ತೆಗೆದುಕೊಂಡು ಮೇಜಿನ ಮೇಲಿಟ್ಟಳು.

“ನೀನೇ ಹೇಳು. ನಾನು ಇಲ್ಲೇ ಇರ್ತೀನಿ.”

“ನೀನು ನನ್ನ ಅಕ್ಕಾನೇ ಅಲ್ಲ,” ಎಂದ ಅವನು, ಎಲ್ಲರ ಎದುರಿಗೆ.

ಅವಳ ಕಣ್ಣಿಂದ ದಳದಳ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಅವನು ಬಿಕ್ಕುತ್ತಾ ಟ್ಯಾಂಕಿನ ಕತೆಯನ್ನೆಲ್ಲ ಹೇಳಿ ಮುಗಿಸುವವರೆಗೂ ಅವನ ಪಕ್ಕದಿಂದ ಕದಲಲೂ ಇಲ್ಲ.