ಡ್ರೈಯರ್ ಕಿಂಡಿಯ ಪಕ್ಕದ ದಾಳಿಂಬೆ

ಪ್ಲೇನ್‌ಫೀಲ್ಡ್‌ನ ಚಳಿಗಾಲದಲ್ಲಿ ಹಿಮ ಮುಚ್ಚುವ ನಮ್ಮ ಹಿತ್ತಲಲ್ಲಿ ದಾಳಿಂಬೆಯನ್ನು ನೆಲದಲ್ಲೇ ನೆಡುತ್ತೇನೆಂದು ನನ್ನ ಗಂಡ ಹೊರಟಾಗ ನಾನು ನಕ್ಕಿದ್ದೆ. ಅವರು ಬಾಗಲಕೋಟೆ ಕಡೆಯವರು, ದಾಳಿಂಬೆ ತೋಟದಲ್ಲೇ ಬೆಳೆದವರು. ಚಳಿ ತಡೆಯುವ ತಳಿ ತರಿಸಿ, ಬಟ್ಟೆ ಒಣಗಿಸುವ ಡ್ರೈಯರಿನ ಬಿಸಿಗಾಳಿ ಹೊರಬರುವ ಕಿಂಡಿಯ ಪಕ್ಕ, ದಕ್ಷಿಣದ ಗೋಡೆಗೆ ಒತ್ತಿ ನೆಟ್ಟರು.

ಆ ಅಕ್ಟೋಬರಿನಲ್ಲಿ ಓಕ್ ಬ್ರೂಕ್‌ನ ಆಫೀಸಿನಲ್ಲಿದ್ದ ಅವರ ಕೆಲಸ ಹೋಯಿತು. ಗಿಡಕ್ಕೆ ಗೋಣಿತಾಟು ಸುತ್ತಿ, ಬುಡಕ್ಕೆ ಒಣ ಎಲೆ ತುಂಬಿ, ಒಳಗೆ ಬಂದು ಕೂತರು. ನಾನು ಪ್ರತಿ ಸಂಜೆ ಶೂ ಬಿಚ್ಚುವ ಮೊದಲೇ ಕೇಳುತ್ತಿದ್ದೆ: “ಇವತ್ತು ಎಷ್ಟು ಕಡೆ ಅಪ್ಲೈ ಮಾಡಿದ್ರಿ?” ನನ್ನದು ಮೊದಲಿಂದಲೂ ಹರಿತವಾದ ನಾಲಿಗೆ. ಕಾಳಜಿಯಿಂದ ಕೇಳುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೇ ಬಂತು, ಗೋಣಿ ಬಿಚ್ಚಿದರು. ಬೀದಿಯ ಮರಗಳೆಲ್ಲ ಚಿಗುರಿದ್ದರೂ ದಾಳಿಂಬೆ ಮಾತ್ರ ಬರೀ ಕಡ್ಡಿ. ಅವರು ಪೈಪ್ ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು.

“ಈ ಮನೇಲಿ ಎರಡು ಒಣಗಿ ನಿಂತಿವೆ,” ಅಂದೆ.

ಅವರು ನಲ್ಲಿ ನಿಲ್ಲಿಸಿ ಒಳಗೆ ಹೋದರು.

ಮರುವಾರ ಅವರು ಇಂಟರ್‌ವ್ಯೂಗೆಂದು ಡಿಯರ್‌ಬಾರ್ನ್‌ಗೆ ಡ್ರೈವ್ ಮಾಡಿಕೊಂಡು ಹೋದ ದಿನ, ನಾನು ಕತ್ತರಿ ತಂದು ಆ ಕಡ್ಡಿಗಳನ್ನೆಲ್ಲ ಬುಡದವರೆಗೆ ಕತ್ತರಿಸಿಹಾಕಿದೆ. ಕೊನೆಯ ಮೋಟನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು! ಕತ್ತರಿ ಕೆಳಗಿಟ್ಟೆ.

ಸಂಜೆ ಬಂದವರು ಮೋಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. “ನಮ್ಮೂರಾಗ ನಾವ ನೀರ ನಿಲ್ಲಿಸಿ ಎಲಿ ಉದುರಸ್ತೀವಿ. ಗಿಡಕ್ಕೂ ವಿಶ್ರಾಂತಿ ಬೇಕಾಗ್ತದ. ಒಣಗೇತಿ ಅಂತ ಯಾರೂ ಅನ್ನೂದಿಲ್ಲ,” ಅಂದರು.

“ಅವತ್ತು ನಾನು ಹಾಗನ್ನಬಾರದಿತ್ತು,” ಅಂದೆ. ಅವರು ಕತ್ತರಿಸಿ ಬಿದ್ದ ಕಡ್ಡಿಗಳನ್ನು ಆಯತೊಡಗಿದರು. ನಾಚಿಕೆಯಾಯಿತು, ಭಯವೂ ಆಯಿತು. ಮರುದಿನದಿಂದ ಸಂಜೆಯ ಪ್ರಶ್ನೆ ನಿಲ್ಲಿಸಿದೆ. ಬಾಯಿಗೆ ಬೀಗ ಹಾಕಿಕೊಳ್ಳುವುದು ನನಗೆಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಜೂನ್ ನಡುವೆ ಒಂದು ದಿನ ಹಿತ್ತಲಿಂದ ಕರೆದರು. “ಬಾ ಇಲ್ಲೆ.”

ಬುಡದಿಂದ ನಾಲ್ಕು ಕೆಂಪು ಚಿಗುರು ಎದ್ದಿದ್ದವು. ಈ ವರ್ಷ ಹೂವಿಲ್ಲ, ಬೇರು ಬದುಕಿದೆ ಅಷ್ಟೇ. ಇಬ್ಬರೂ ಬಗ್ಗಿ ನೋಡುತ್ತಿದ್ದಾಗ ಅವರು ತಲೆ ಎತ್ತದೆಯೇ ಅಂದರು: “ಡಿಯರ್‌ಬಾರ್ನ್‌ದವರು ಬ್ಯಾಡ ಅಂದ್ರು.”

“ಯಾವಾಗ?”

“ಮೂರು ವಾರ ಆತು.”

ಮೂರು ವಾರ ಆ ಮಾತನ್ನು ನನ್ನಿಂದ ಬಚ್ಚಿಟ್ಟುಕೊಂಡು ಇದೇ ಮನೆಯಲ್ಲಿ ಓಡಾಡಿದ್ದರು. ಬೇರೆಲ್ಲಿ ಅಪ್ಲೈ ಮಾಡಿದ್ದೀರಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹೋಗಿ ಪೈಪ್ ಎಳೆದು ತಂದೆ.

“ನೀರು ಹಾಕ್ಲಾ?”

“ಸ್ವಲ್ಪ ಹಾಕು,” ಅಂದರು. “ಭಾಳ ಬ್ಯಾಡ.”