ಹೆಸರು ಹಿಡಿದು ಕೂಗುವ ಗಣೇಶಮೂರ್ತಿ

ಕೋಣಂದೂರಿನ ಗಣೇಶಮೂರ್ತಿ ಆಟೋಗೆ ಮೈಕ್ ಕಟ್ಟಿಕೊಂಡು ಪ್ರಚಾರ ಮಾಡುವವನು. ಸೀರೆ ಅಂಗಡಿಯ ರಿಯಾಯಿತಿ, ರಕ್ತದಾನ ಶಿಬಿರ, ಯಕ್ಷಗಾನ, ಯಾವುದಾದರೂ ಸರಿ. ಉಳಿದವರೆಲ್ಲ ಈಗ ರೆಕಾರ್ಡ್ ಮಾಡಿದ್ದನ್ನು ಹಾಕಿಬಿಟ್ಟು ಎಲೆಯಡಿಕೆ ಕವಳ ಜಗಿಯುತ್ತ ಹೋಗುತ್ತಾರೆ. ಇವನು ಹಾಗಲ್ಲ, ಮನೆ ಕಂಡರೆ ಹೆಸರು ಹಿಡಿದೇ ಕೂಗುತ್ತಾನೆ. "ಶಿವರಾಮಣ್ಣ, ಮಗಳ ಮದುವೆ ಹತ್ರ ಬಂತು, ಸೀರೆ ನೋಡಿದ್ರಾ?" ಎಂದರೆ ಶಿವರಾಮಣ್ಣ ನಗುತ್ತ ಹೊರಗೆ ಬರಲೇಬೇಕು.

"ಊರಿಗೆಲ್ಲ ಹೇಳಿದ್ರೆ ಯಾರೂ ಕಿವಿ ಕೊಡಲ್ಲ ಮಾರಾಯ್ರೆ. ಒಬ್ರಿಗೆ ಹೇಳಿ, ಬೀದಿಯೆಲ್ಲ ಕೇಳುತ್ತೆ" ಎಂದು ಅಂಗಡಿಯವರಿಗೆ ಪಾಠ ಮಾಡುತ್ತಿದ್ದ. ಅವರೂ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಜಂಬಕ್ಕೇನೂ ಕಮ್ಮಿಯಿರಲಿಲ್ಲ.

ಕೊನೆಗೆ ಅವನ ಮಾನ ತೆಗೆದದ್ದೂ ಇದೇ ವಿದ್ಯೆ.

ಮಳೆಗಾಲಕ್ಕೆ ಮುಂಚೆ ಎಲ್ಲಿಂದಲೋ ಬಂದ ಕಂಪನಿಯೊಂದು ಊರಿನ ಸಭಾಭವನದಲ್ಲಿ ಉಚಿತ ಕಿವಿ ತಪಾಸಣೆ ಇಟ್ಟಿತು. ತಪಾಸಣೆ ಉಚಿತ, ಕಿವಿಗೆ ಹಾಕುವ ಮಿಷನ್ನಿಗೆ ದುಡ್ಡು. ಪ್ರಚಾರದ ಕೆಲಸ ಇವನಿಗೇ ಬಂತು. ಕಂಪನಿ ಎಂಥದ್ದು, ಮಿಷನ್ ಹೇಗಿದೆ ಎಂದು ಗಣೇಶಮೂರ್ತಿ ಒಂದು ಮಾತು ವಿಚಾರಿಸಲಿಲ್ಲ. ಯಾರ ಹೆಸರು ಕೂಗಲಿ ಎಂದಷ್ಟೇ ಯೋಚಿಸಿದ.

ಸಂತೆ ಮೈದಾನದ ಪಕ್ಕದಲ್ಲಿ ದುರ್ಗಮ್ಮನ ಮನೆ. ಸಂತೆಯಲ್ಲಿ ಸೊಪ್ಪು ತರಕಾರಿ ಮಾರುತ್ತಾಳೆ. ಕಿವಿ ಬಹಳ ಮಂದ. ಅದನ್ನು ಯಾರಿಗೂ ಬಿಟ್ಟುಕೊಡದೆ ಗಿರಾಕಿಗಳ ತುಟಿ ನೋಡಿಯೇ ವ್ಯಾಪಾರ ಸಂಭಾಳಿಸುತ್ತಿದ್ದಳು. ಚಿಕ್ಕಂದಿನಿಂದ ಅವಳ ಕೈಯಲ್ಲಿ ಉಂಡು ಬೆಳೆದ ಗಣೇಶಮೂರ್ತಿಗೆ ಮಾತ್ರ ಅದು ಗೊತ್ತಿತ್ತು. ಗೊತ್ತಿದ್ದವನು ಆಟೋವನ್ನು ಅವಳ ಬಾಗಿಲಿಗೇ ತಂದು ನಿಲ್ಲಿಸಿದ.

"ದುರ್ಗಮ್ಮ ದೊಡ್ಡಮ್ಮ, ನಿಮಗೇ ಹೇಳ್ತಿರೋದು! ಎಷ್ಟು ದಿನ ಅಂತ ಗಿರಾಕಿ ಬಾಯಿ ನೋಡ್ಕಂಡೇ ತೂಗ್ತೀರಿ? ಬನ್ನಿ, ಮಿಷನ್ ಹಾಕಿಸ್ಕಳಿ!"

ಬೀದಿ ಗೊಳ್ಳೆಂದು ನಕ್ಕಿತು. ಮುಚ್ಚಿಟ್ಟುಕೊಂಡದ್ದು ಬಯಲಾದ ಮೇಲೆ ದುರ್ಗಮ್ಮ ಇನ್ನೇನು ಮಾಡಿಯಾಳು? ಮರುದಿನವೇ ಹೋಗಿ, ಕೂಡಿಟ್ಟದ್ದನ್ನೆಲ್ಲ ಕೊಟ್ಟು ಮಿಷನ್ ತಂದಳು. ಅದು ಸ್ವಲ್ಪ ದಿನ ಕುಂಯ್ ಎಂದು ಸುಮ್ಮನಾಯಿತು. ಕಂಪನಿಯವರ ಫೋನ್ ಅದಕ್ಕೂ ಮೊದಲೇ ಸುಮ್ಮನಾಗಿತ್ತು. ಸಂತೆಯಲ್ಲಿ ಪಡ್ಡೆ ಹುಡುಗರು ಬೇಕೆಂದೇ ಬಾಯಿ ಮುಚ್ಚಿಕೊಂಡು ರೇಟು ಕೇಳಿ ಆಟ ಆಡಿಸತೊಡಗಿದರು. ಒಮ್ಮೆ ಗಣೇಶಮೂರ್ತಿಯೂ ಅದನ್ನು ಕಣ್ಣಾರೆ ನೋಡಿದ. ಆದರೂ ಹೋಗಿ ತಪ್ಪಾಯಿತು ಎನ್ನುವ ಧೈರ್ಯ ಬರಲಿಲ್ಲ. ಊರಿಗೆಲ್ಲ ಕೂಗುವ ಗಂಡಿಗೆ ಒಬ್ಬಳ ಎದುರು ಬಾಯಿ ಕಟ್ಟಿತ್ತು.

ಅಂದಿನಿಂದ ಸಂತೆ ಮೈದಾನದ ತಿರುವು ಬಂದರೆ ಮೈಕ್ ಆಫ್ ಮಾಡಿ, ತಲೆ ತಗ್ಗಿಸಿ ಆಟೋ ಓಡಿಸುತ್ತಿದ್ದ. ಮೊನ್ನೆಯೂ ಹಾಗೇ ಹೊರಟಿದ್ದವನಿಗೆ ದುರ್ಗಮ್ಮ ಅಡ್ಡ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡ. ಅವಳ ಕಣ್ಣಲ್ಲಿ ನೀರಿತ್ತು.

"ಮೊದ್ಲು ನಿನ್ನ ಮೈಕ್ ಒಂದಾದ್ರೂ ಚೆನ್ನಾಗಿ ಕೇಳ್ತಿತ್ತು ಗಣೇಶಾ. ಈಗ ನಿನ್ನ ಗಾಡಿ ಹೋಗದು ಕಾಣುತ್ತೆ, ಸ್ವರನೇ ಇಲ್ಲ. ಆ ಮಿಷನ್ ಹಾಕಿ ಇದ್ದ ಕಿವಿನೂ ಹೋಯ್ತಲ್ಲ ಮಾರಾಯ!"

ಗಣೇಶಮೂರ್ತಿ ತಲೆಯನ್ನು ಇನ್ನಷ್ಟು ತಗ್ಗಿಸಿದ.

"ಇಲ್ಲ ದೊಡ್ಡಮ್ಮ, ನಾನೇ ಆಫ್ ಮಾಡಿದ್ದೆ" ಎಂದ.

"ಎಂತ ಅಂದೆ?"

ತಗ್ಗಿಸಿದ ತಲೆಯನ್ನು ಅವನು ಎತ್ತಿರಲಿಲ್ಲ, ಅವಳಿಗೆ ತುಟಿಯೂ ಕಾಣಲಿಲ್ಲ. ಜೋರಾಗಿ ಕೂಗಿದ. ಅದೂ ತಲುಪಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೊರಟೇಬಿಟ್ಟಳು. ಎದುರಿನ ಅಂಗಡಿ ಮೆಟ್ಟಿಲ ಮೇಲೆ ಅವತ್ತು ನಕ್ಕವರೇ ಕೂತಿದ್ದರು. ಅವನು ಮೈಕ್ ಹಾಕಿದ.

"ದುರ್ಗಮ್ಮ ದೊಡ್ಡಮ್ಮ, ನಿಮ್ಮ ಕಿವಿ ಹೋಗಿಲ್ಲ. ನಿಮಗೆ ಮುಖ ತೋರ್ಸಕ್ಕೆ ನಾಚಿಕೆಯಾಗಿ ನಾನೇ ಮೈಕ್ ಆಫ್ ಮಾಡ್ತಿದ್ದೆ. ಆ ಮಿಷನ್ ಎಂಥದು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಗೊತ್ತಿಲ್ದೆ ನಿಮ್ಮ ಮರ್ಯಾದೆ ತೆಗ್ದೆ."

ಈ ಸಲ ಯಾರೂ ನಗಲಿಲ್ಲ. ಹೊಸ್ತಿಲಲ್ಲಿ ದುರ್ಗಮ್ಮ ತಿರುಗಿ ನಿಂತಳು. ಮುಖ ಅರಳಿತ್ತು.

"ಕೇಳ್ತು ಮಾರಾಯ, ಕೇಳ್ತು! ಸ್ವರ ಕೇಳ್ತು!" ಎಂದು ಮಕ್ಕಳ ಹಾಗೆ ನಕ್ಕಳು. "ಅದೆಂತ ಹೇಳ್ದೆ? ಖುಷಿಯಲ್ಲಿ ಸರಿಯಾಗಿ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳು."

ಗಣೇಶಮೂರ್ತಿ ಮತ್ತೆ ಮೊದಲಿನಿಂದ ಹೇಳಿದ.