ವಾರಂಟಿ ಮುಗಿದ ಮೇಲೆ

ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದ ಮೆಕ್ಯಾನಿಕ್ ತಿಪ್ಪೇಸ್ವಾಮಿಗೆ ಅದನ್ನು ಮತ್ತೆ ಒಳಗೆ ಸೇರಿಸಲಾಗಲಿಲ್ಲ. ಕೈ ನಡುಗುತ್ತಿತ್ತು. ರಾಯದುರ್ಗದಲ್ಲಿ ನಮ್ಮ ಮನೆಯ ಗಾಡಿಗಳನ್ನೆಲ್ಲ ನೋಡಿಕೊಂಡವರು ಅವರೇ. ಹೊಸ ಕಾರನ್ನು ಮಾತ್ರ ಮೂರು ವರ್ಷ ಬಳ್ಳಾರಿಯ ಶೋರೂಮಿಗೇ ಒಯ್ದಿದ್ದೆ.

"ವಾರಂಟಿ ಮುಗೀತೇನ್ರಿ? ನಾ ಮುಟ್ಟಿದ್ರ ಹೋಗ್ತದಂತ ನೀವ ಅಂದಿದ್ರಲ್ರೀ ಸಾರ್," ಎಂದು ನಕ್ಕರು. "ಈಗ ತಂದ್ರಿ. ಕೈ ಮಾತ ಕೇಳವಲ್ದು."

ಹಾಗೆ ಅಂದದ್ದು ನಾನೋ, ಶೋರೂಮಿನವರೋ, ನಿಜಕ್ಕೂ ನೆನಪಿಲ್ಲ. ಕಡ್ಡಿಯನ್ನು ನಾನೇ ಸೇರಿಸಿದೆ.

ಮನೆಗೆ ಬಂದು ವಾರಂಟಿ ಪುಸ್ತಕವನ್ನು ಮೊದಲ ಬಾರಿ ಓದಿದೆ. ಅದರ ಪ್ರಕಾರ, ಕಂಪನಿ ಹೇಳಿದ ಆಯಿಲ್ ಹಾಕಿಸಿ ಬಿಲ್ ಇಟ್ಟುಕೊಂಡಿದ್ದರೆ ಯಾರು ಬದಲಿಸಿದರೂ ವಾರಂಟಿಗೆ ಅಡ್ಡಿಯಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುವಾಗ ದೇವರನ್ನೂ ಪ್ರಶ್ನಿಸಿದ ನಾನು, ಅವರ ಕೈ ಗಟ್ಟಿಯಿದ್ದಾಗ ಈ ಪುಸ್ತಕ ತೆರೆಯಲಿಲ್ಲ.